ಕಳ್ಳನಿಗೂ ಸಾಚಾ ಅಂಗಡಿಗೂ ಒಂದೇ ಎಚ್ಚರಿಕೆ ಯಾಕ್ರಿ?

ಸ್ಟೇಶನ್ ಬಜಾರದಲ್ಲಿ ಹೊಸ ಆಂಡ್ರಾಯ್ಡ್ ಫೋನ್ ಕೊಂಡರೆ ಪ್ಲೇ ಸ್ಟೋರ್ ಅದರೊಳಗೇ ಕೂತು ಬಂದಿರುತ್ತದೆ. ಅದನ್ನು ಆರಿಸಿದವರು ನಾವಲ್ಲ. ಬೇರೆ ಕಡೆಯಿಂದ ಒಂದು ಆ್ಯಪ್ ಹಾಕಿಕೊಳ್ಳಲು ಹೋಗಿ ನೋಡ್ರಿ, ಅಪಾಯ ಅಂತ ಫೋನೇ ಹೆದರಿಸುತ್ತದೆ.

ಹೆದರಿಕೆ ಪೂರ್ತಿ ಸುಳ್ಳಲ್ಲ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಅಂತ ಹೆಸರಿಟ್ಟು ವಾಟ್ಸಾಪ್‌ಗೆ ಎಪಿಕೆ ಫೈಲ್ ಬರುತ್ತವೆ. ಹಾಕಿಕೊಂಡರೆ ಒಟಿಪಿ ಕಳ್ಳರ ಕೈಗೆ, ಖಾತೆ ಖಾಲಿ. ಸ್ವಂತ ಅಳಿಯನ ನಂಬರಿನಿಂದ ಬಂದರೂ ಮುಟ್ಟಬೇಡಿ. ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಆದರೆ ಸಂತೆಯಲ್ಲಿ ಜೇಬುಗಳ್ಳರಿದ್ದಾರೆಂದು ಊರಿಗೆಲ್ಲ ಒಂದೇ ಅಂಗಡಿ ಸಾಕು ಅನ್ನುವುದು ಯಾವ ನ್ಯಾಯ? ಫೋನ್‌ಪೇ ಕಂಪನಿ 2024ರ ಫೆಬ್ರವರಿಯಲ್ಲಿ ಇಂಡಸ್ ಆ್ಯಪ್‌ಸ್ಟೋರ್ ತೆರೆಯಿತು, ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ. ಎಫ್-ಡ್ರಾಯ್ಡ್‌ನಲ್ಲಿ ಮುಕ್ತ ತಂತ್ರಾಂಶದ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಇಂಥ ಸ್ಟೋರ್‌ಗಳನ್ನು ಪ್ಲೇ ಸ್ಟೋರ್‌ನೊಳಗೆ ಇಡಲು ಗೂಗಲ್ ಬಿಟ್ಟಿಲ್ಲ. ಹಾಗಾಗಿ ಫೋನಿನೊಳಗೆ ಮೊದಲೇ ಕೂತು ಬರದಿದ್ದರೆ ಇವೂ ಎಪಿಕೆಯಾಗಿಯೇ ಬರಬೇಕು, ಕಳ್ಳನ ಫೈಲಿಗೆ ತೋರಿಸುವ ಎಚ್ಚರಿಕೆಯನ್ನೇ ಇವುಗಳಿಗೂ ಫೋನ್ ತೋರಿಸುತ್ತದೆ. ಹಳ್ಳಿಯ ಮನುಷ್ಯ ಯಾವುದು ಸಾಚಾ ಅಂತ ಹೇಗೆ ತಿಳಿಯಬೇಕು?

ಕಮಲಾಪುರದ ಹುಡುಗನೊಬ್ಬ ಕೆಂಪು ಬಾಳೆಯ ದರ ತಿಳಿಸುವ ಆ್ಯಪ್ ಮಾಡಿದ ಅನ್ನಿ. ಪ್ಲೇ ಸ್ಟೋರ್‌ಗೆ ಹಾಕಲು ಮೊದಲು 25 ಡಾಲರ್ ಕಟ್ಟಬೇಕು. ಹೊಸ ವೈಯಕ್ತಿಕ ಖಾತೆಯಾದರೆ 12 ಜನರನ್ನು ಕೂಡಿಸಿ 14 ದಿನ ಸತತ ಪರೀಕ್ಷೆ ಮಾಡಿಸಬೇಕು. ಅಷ್ಟಾದ ಮೇಲೂ ಇಡುವುದು, ತೆಗೆಯುವುದು ಅವರ ಮರ್ಜಿ. 2024ರ ಮಾರ್ಚ್ 1ರಂದು ಶುಲ್ಕದ ಜಗಳದಲ್ಲಿ ಭಾರತ್ ಮ್ಯಾಟ್ರಿಮೊನಿ, ನೌಕರಿಯಂಥ ದೊಡ್ಡ ಆ್ಯಪ್‌ಗಳನ್ನೇ ಗೂಗಲ್ ಕಿತ್ತುಹಾಕಿತು. ಬಿಡಿಸಲು ಕೇಂದ್ರ ಸಚಿವರೇ ನಡುವೆ ಬರಬೇಕಾಯಿತು. ಬಾಳೆಯ ಹುಡುಗನಿಗೆ ಯಾವ ಸಚಿವರು ಬರುತ್ತಾರ್ರೀ?

ಭಾರತೀಯ ಸ್ಪರ್ಧಾ ಆಯೋಗಕ್ಕೆ ಇದು ಅರ್ಥವಾಗಿತ್ತು. 2022ರ ಅಕ್ಟೋಬರ್‌ನಲ್ಲಿ ಅದು ಗೂಗಲ್‌ಗೆ 1,337.76 ಕೋಟಿ ರೂ. ದಂಡ ಹಾಕಿ, ಬೇರೆ ಸ್ಟೋರ್‌ಗಳಿಗೂ ಪ್ಲೇ ಸ್ಟೋರ್‌ನಲ್ಲಿ ಜಾಗ ಕೊಡಿ ಎಂದಿತು. 2023ರ ಮಾರ್ಚ್‌ನಲ್ಲಿ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ದಂಡ ಸರಿ ಎಂದಿತು, ಆ ಸೂಚನೆಯನ್ನು ಮಾತ್ರ ರದ್ದು ಮಾಡಿತು. ದಂಡ ಸರ್ಕಾರದ ಬೊಕ್ಕಸಕ್ಕೆ, ನಮ್ಮ ಬಾಗಿಲು ಬಂದ್!

ಹೆಸರು, ವಿಳಾಸ ಕೊಟ್ಟು ಹೊಣೆ ಹೊರುವ ಸ್ಟೋರ್‌ಗಳನ್ನು ಹೊಸ ಫೋನ್ ಚಾಲೂ ಮಾಡುವಾಗಲೇ ಕನ್ನಡದಲ್ಲಿ ತೋರಿಸಿ, ಬೇಕಾದ್ದನ್ನು ಆರಿಸಲು ಬಿಡಿ. ಇದನ್ನು ಕಾನೂನು ಮಾಡಲು ಕೇಂದ್ರ ಸರ್ಕಾರಕ್ಕೆ ಏನು ಅಡ್ಡಿ? ಅಲ್ಲಿಯವರೆಗೆ ಬೇರೆ ಸ್ಟೋರ್ ಬೇಕಾದವರು ಅದರ ಸ್ವಂತ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ, ಫಾರ್ವರ್ಡ್ ಲಿಂಕ್‌ನಿಂದ ಬೇಡ. ಇಳಿಸಲು ಬ್ರೌಸರ್‌ಗೆ ಕೊಟ್ಟ ಅನುಮತಿಯನ್ನು ಕೆಲಸ ಮುಗಿದ ಕೂಡಲೇ ಸೆಟ್ಟಿಂಗ್ಸ್‌ಗೆ ಹೋಗಿ ಬಂದ್ ಮಾಡಿ.