ಒಡಹುಟ್ಟಿದವರ ದುಃಖಕ್ಕೂ ಜಾಗವಿರಲಿ



ಪರದೇಶದಲ್ಲಿ ತಮ್ಮನನ್ನು ಕಳೆದುಕೊಂಡ ಯಶವಂತನಗರದ ಭಕ್ತರೊಬ್ಬರು ನನ್ನನ್ನು ಕೇಳಿದರು: "ದೇಹ ಬರುವುದು ಯಾವಾಗಲೋ. ಅಲ್ಲಿಯವರೆಗೆ ಲಿಂಗಪೂಜೆ ಮಾಡಬಹುದೇ?"

ಧಾರಾಳವಾಗಿ ಮಾಡಿ ಎಂದೆ. ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ಪ್ರೇತಸೂತಕವೂ ಒಂದು. ಇಷ್ಟಲಿಂಗ ಅಂಗೈಯಲ್ಲಿರುವಾಗ ಮೈಲಿಗೆ ಎಲ್ಲಿಯದು? ಊರ ಮಣ್ಣಿನಲ್ಲಿ ಸಮಾಧಿಯಾಗದಿದ್ದರೆ ಸದ್ಗತಿಯಿಲ್ಲವೆಂದು ಹೆದರಿಸುವ ನೆಂಟರೂ ಇದ್ದಾರೆ. ಸಮಾಧಿ ನಮ್ಮ ಪದ್ಧತಿ, ನಿಜ. ಆದರೆ ಐಕ್ಯವು ಷಟ್‌ಸ್ಥಲದ ಕೊನೆಯ ಸ್ಥಲ; ಬದುಕಿನಲ್ಲಿ ಏರಬೇಕಾದದ್ದು, ಗುಂಡಿಯಲ್ಲಿ ಸಿಗುವುದಲ್ಲ.

ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯ ವಿದ್ಯಾರ್ಥಿ ನವೀನ್ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ದೇಹ ಬೆಂಗಳೂರು ತಲುಪಿದ್ದು 21ರಂದು. ಮನೆಯವರು ವೀರಶೈವ ಪದ್ಧತಿಯಂತೆ ಪೂಜೆ ಸಲ್ಲಿಸಿ, ದೇಹವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಅವನಿಗೆ ಸದ್ಗತಿಯಿಲ್ಲವೆಂದು ಯಾರಾದರೂ ಹೇಳಲಿ ನೋಡೋಣ!

ನನ್ನನ್ನು ಕಾಡುವುದು ಬೇರೆ. ಇಂಥ ಮನೆಗೆ ಬಂದವರೆಲ್ಲ ತಾಯಿಯ ಕಣ್ಣೀರು ಒರೆಸುತ್ತಾರೆ. ಉಳಿದ ಮಗನಿಗೆ "ನೀನು ಗಟ್ಟಿಯಾಗಿರಬೇಕು" ಎನ್ನುತ್ತಾರೆ. ರಾಯಭಾರ ಕಚೇರಿಗೆ ಫೋನು, ಕಾಗದಪತ್ರ, ವಿಮಾನದ ವಿಚಾರಣೆ ಎಲ್ಲವೂ ಅವನ ಹೆಗಲಿಗೆ. ಅಳಲು ಪುರುಸೊತ್ತಿಲ್ಲ. ಅಕ್ಕತಂಗಿಯರ ಪಾಡಂತೂ ಅಡುಗೆಮನೆಯಲ್ಲೇ ಮುಗಿಯುತ್ತದೆ. ಅವರನ್ನು ಮಠದ ಶಿವಾನುಭವ ಗೋಷ್ಠಿಗೆ ಕರೆತನ್ನಿ. ಉಪದೇಶ ಬೇಡ; ಕಳೆದುಕೊಂಡವನ ಬಗ್ಗೆ ಅವರು ಮಾತಾಡಲಿ, ನಾವು ಕೇಳೋಣ.