ಮಳೆಗೆ ತೊಯ್ದ ರಾಶಿ

ಕೃಷ್ಣೆಯ ದಂಡೆಯ ತಿಂಥಣಿ ಎಂದೊಡನೆ ನೆನಪಾಗುವುದು ಮೌನೇಶ್ವರನ ಜಾತ್ರೆ. ಸುರಪುರ, ಶಹಾಪುರಗಳ ಈ ಸೀಮೆಗೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಜೋಳ, ತೊಗರಿ, ಶೇಂಗಾಗಳ ಜೊತೆ ಭತ್ತವೂ ಸೇರಿತು. ಕಣದಿಂದ ಚೀಲಕ್ಕೆ, ಚೀಲದಿಂದ ಗೋದಾಮಿಗೆ, ಅಲ್ಲಿಂದ ಲಾರಿಗೆ, ಗಿರಣಿಗೆ ಕಾಳು ಸಾಗುತ್ತದೆ. ರಾಶಿಯ ಹೊತ್ತಿಗೆ ಅಕಾಲಿಕ ಮಳೆ ಬಿದ್ದರೆ ರೈತ ಮೊದಲು ಎಣಿಸುವುದು ಎಷ್ಟು ಚೀಲ ಹೋಯಿತು, ಎಷ್ಟು ದರ ಇಳಿಯಿತು ಎಂದು. ತೊಯ್ದ ಕಾಳು ಹೊಟ್ಟೆಗೆ ಏನು ಮಾಡೀತು ಎಂಬ ಲೆಕ್ಕ ಆಮೇಲಿನದು.

ಆ ಲೆಕ್ಕವನ್ನು 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳು ಕಲಿತವು. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ ಮತ್ತು ಮೆಕ್ಕೆಜೋಳದ ರೊಟ್ಟಿ ಉಂಡವರಿಗೆ ಹೊಟ್ಟೆನೋವು, ಗುಡುಗುಡು ಸದ್ದು, ಭೇದಿ. ಸಮೀಕ್ಷೆ ಮಾಡಿದ 50 ಹಳ್ಳಿಗಳ ಪೈಕಿ 27ರಲ್ಲಿ ಈ ಕಾಯಿಲೆ ಕಂಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಕಾಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಫ್ಯುಮೋನಿಸಿನ್ ಎಂಬ ಶಿಲೀಂಧ್ರ ವಿಷ. ಅದೇ ಕಾಳನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ ಅವುಗಳಿಗೂ ಭೇದಿಯಾಯಿತು. ಕೆಟ್ಟ ಕಾಳು ಬಿಟ್ಟವರು ಗುಣವಾದರು.

ಎಲ್ಲ ಬೂಷ್ಟೂ ಇಷ್ಟು ಕನಿಕರದ್ದಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ಸತ್ತರು. ಅಲ್ಲಿನ ವಿಷ ಅಫ್ಲಾಟಾಕ್ಸಿನ್. ಶೇಂಗಾದ ಮೇಲೆ ಹಳದಿ ಹಸಿರು ಪುಡಿಯಂತೆ ಕಾಣುವ ಶಿಲೀಂಧ್ರವೇ ಇದನ್ನು ತಯಾರಿಸುತ್ತದೆ. ಕಾಳು ತೊಳೆದು ಒಣಗಿಸಿದರೆ ಬೂಷ್ಟು ಮರೆಯಾದೀತು, ವಿಷ ಹೋಗದು. ರೊಟ್ಟಿಯ ಹಂಚಿನ ಕಾವಿಗೂ ಅದು ಜಗ್ಗದು. ಕೆಟ್ಟ ಶೇಂಗಾದ ಹಿಂಡಿಯನ್ನು ಎಮ್ಮೆಗೆ ಹಾಕಿದರೆ ವಿಷದ ಒಂದಂಶ ಹಾಲಿಗೂ ಇಳಿಯುತ್ತದೆ.

ಬೀಜವೂ ಉಸಿರಾಡುತ್ತದೆ

ಕಾಳು ಸತ್ತ ವಸ್ತುವಲ್ಲ. ಅದು ಉಸಿರಾಡುತ್ತದೆ, ಶಾಖ ಮತ್ತು ನೀರಾವಿ ಬಿಡುತ್ತದೆ. ತೇವ ಹೆಚ್ಚಿದ್ದರೆ ಉಸಿರಾಟ ಜೋರು. ರಾಶಿಯ ಒಳಗೆ ಬಿಸಿಯೇರಿ ಹುಳುವಿಗೂ ಶಿಲೀಂಧ್ರಕ್ಕೂ ಹಬ್ಬ. ಆದ್ದರಿಂದಲೇ ಜೋಳ, ಭತ್ತಗಳನ್ನು ಬಹುಕಾಲ ಇಡಬೇಕಾದರೆ ತೇವಾಂಶ ಶೇ 12 ಮೀರಬಾರದು. ಸಿಪ್ಪೆ ಸಹಿತ ಶೇಂಗಾಕ್ಕೆ ಶೇ 8ರ ಆಸುಪಾಸು.

ಯಂತ್ರವಿಲ್ಲದವರಿಗೆ ಒಂದು ಸುಲಭ ಪರೀಕ್ಷೆ ಇದೆ. ಒಣಗಿದ ಗಾಜಿನ ಶೀಷೆಯಲ್ಲಿ ಕಾಲು ಭಾಗ ಕಾಳು, ಜೊತೆಗೆ ಹುರಿದು ಆರಿಸಿದ ಒಂದೆರಡು ಚಮಚ ಪುಡಿ ಉಪ್ಪು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಅಲ್ಲಾಡಿಸಿ. ಕಾಲು ಗಂಟೆ ಬಿಟ್ಟು ನೋಡಿದಾಗ ಉಪ್ಪು ಗಾಜಿಗೆ ಅಂಟಿದ್ದರೆ ತೇವ ಶೇ 15 ಮೀರಿದೆ ಎಂದರ್ಥ. ಕಾಳಿಗೆ ಇನ್ನೂ ಬಿಸಿಲು ಬೇಕು.

ನಮ್ಮ ಹಿರಿಯರ ಹಗೇವಿನಲ್ಲೂ ವಿಜ್ಞಾನವಿತ್ತು. ಬಾಯಿ ಮುಚ್ಚಿದ ಹಗೇವಿನಲ್ಲಿ ಕಾಳೂ ಹುಳುವೂ ಆಮ್ಲಜನಕ ಮುಗಿಸುತ್ತವೆ. ಇಂಗಾಲದ ಡೈ ಆಕ್ಸೈಡ್ ತುಂಬಿ ಹುಳು ಸಾಯುತ್ತದೆ. ಇಂದಿನ ಗಾಳಿಯಾಡದ ಪ್ಲಾಸ್ಟಿಕ್ ಚೀಲಗಳದ್ದೂ ಇದೇ ತತ್ವ. ಆದರೆ ಹುಳುವನ್ನು ಕೊಂದ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಡದೆ ಹಗೇವಿಗೆ ಇಳಿಯುವುದು ಪ್ರಾಣಕ್ಕೆ ಎರವು.

ಔಷಧವೇ ವಿಷವಾದಾಗ

ಗೋದಾಮಿನ ಇನ್ನೊಂದು ಅಪಾಯ ಹುಳು ಕೊಲ್ಲುವ ಗುಳಿಗೆ. ಮೂರು ಗ್ರಾಂ ತೂಕದ ಒಂದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವಕ್ಕೆ ಕರಗಿ ಒಂದು ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ತರಬೇತಾದವರು ತಾಡಪತ್ರಿ ಹೊದಿಸಿ, ಅಂಚು ಬಿಗಿದು ಬಳಸಬೇಕಾದ ಇದನ್ನು ಮಲಗುವ ಕೋಣೆಯ ಚೀಲಕ್ಕೆ ಹಾಕುವುದು ಸಾವನ್ನು ಮನೆಗೆ ಕರೆದಂತೆ.

ಸಾಗಣೆಯಲ್ಲೂ ಎಚ್ಚರ ಬೇಕು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಕೀಟನಾಶಕ ಬೆರೆತ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. 1968ರ ಕೀಟನಾಶಕ ಕಾಯ್ದೆಗೆ ಈ ದುರಂತವೂ ಕಾರಣ. ಗೊಬ್ಬರ, ಔಷಧ ಹೇರಿದ ಟ್ರ್ಯಾಕ್ಟರನ್ನು ತೊಳೆಯದೆ ಅದರಲ್ಲೇ ಜೋಳ ಹೇರುವವರು ಇದನ್ನು ಮರೆಯಬಾರದು.

ಅಮೆರಿಕದಲ್ಲಿ 1960ರ ದಶಕದಲ್ಲಿ ಗಗನಯಾತ್ರಿಗಳ ಊಟಕ್ಕೆಂದು ಒಂದು ಪದ್ಧತಿ ರೂಪಿಸಿದರು. ತಯಾರಾದ ಮೇಲೆ ಪರೀಕ್ಷಿಸಿದರೆ ಸಾಲದು. ಅಪಾಯ ಎಲ್ಲಿ ಹೊಕ್ಕೀತು ಎಂದು ಮೊದಲೇ ಗುರುತಿಸಿ, ಅಲ್ಲೇ ತಡೆದು, ಬರೆದಿಡಬೇಕು. ಇಂದು ಜಗತ್ತಿನ ಆಹಾರ ಉದ್ಯಮ ಅದನ್ನೇ ಪಾಲಿಸುತ್ತಿದೆ. ಕಣದಲ್ಲಿ ತಾಡಪತ್ರಿ, ತುಂಬುವ ಮುನ್ನ ತೇವದ ಪರೀಕ್ಷೆ, ಗೋದಾಮಿನಲ್ಲಿ ನೆಲದಿಂದ ಮೇಲೆ ಹಲಗೆಯ ಮೇಲೆ, ಗೋಡೆಯಿಂದ ದೂರ ಚೀಲ, ಇಲಿ ನುಗ್ಗದ ಬಾಗಿಲು, ಹಳೆಯ ಕಾಳು ಮೊದಲು ಹೊರಗೆ: ಹಳ್ಳಿಯ ಮಟ್ಟಕ್ಕೆ ಆ ಪದ್ಧತಿ ಇಷ್ಟೇ.

ದೇಶದ ನಿಯಮದಂತೆ ಕಿಲೋ ಧಾನ್ಯದಲ್ಲಿ ಅಫ್ಲಾಟಾಕ್ಸಿನ್ 15 ಮೈಕ್ರೋಗ್ರಾಂ ಮೀರುವಂತಿಲ್ಲ. ಈ ಅಳತೆ ಪೇಟೆಯ ಕಾಳಿಗೆ. ಪೇಟೆಯವರು ಒಲ್ಲೆನೆಂದ ಕಾಳು ಎಲ್ಲಿಗೆ ಹೋಗುತ್ತದೆ? ಬೆಳೆದವನ ಒಲೆಗೆ, ಇಲ್ಲವೇ ಕೂಲಿಯ ಬದಲು ಆಳಿನ ಸೆರಗಿಗೆ. ಮಾರಲು ಬಾರದ್ದು ಉಣ್ಣಲೂ ಬಾರದು. ಬೂಷ್ಟು ಹಿಡಿದ ಕಾಳನ್ನು ಆರಿಸಿ ತಿಪ್ಪೆಗೆ ಸುರಿದರೆ ಆಗುವ ನಷ್ಟ ಆ ಒಂದು ಚೀಲದ್ದಷ್ಟೇ.