ಲಾಕ್ ಬಿದ್ದರೆ ಸಾಲದು

ಹೋದ ತಿಂಗಳು ಮಕ್ಕಾದ ನಮ್ಮ ಸೈಟಿನಲ್ಲಿ ಜನರೇಟರ್ ಟ್ರೇಲರ್ ಹಂಪ್ ಹಾರಿಸುವಾಗ ಪಿಕಪ್‌ನಿಂದ ಕಳಚಿತು. ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ. ‘ಲಾಕ್ ಬಿದ್ದಿತ್ತಲ್ಲ ಸಾರ್’ ಅಂದ ಡ್ರೈವರ್. ಬಿದ್ದಿತ್ತು, ನಿಜ. ಆದರೆ 2 ಇಂಚಿನ ಕಪ್ಲರ್ 1⅞ ಇಂಚಿನ ಬಾಲ್ ಮೇಲೂ ಕೂತು ಲಾಕ್ ಆಗುತ್ತದೆ, ಕುಲುಕಿದಾಗ ಹಾರುತ್ತದೆ. ನಮ್ಮ ಲೆಕ್ಕದಲ್ಲೂ ಹಾಗೇ: ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದರೂ ಎಂಟ್ರಿ ತಪ್ಪಿರಬಹುದು.

ಹಾಗಾಗಿ ಅಣ್ಣಂದಿರೇ, ಮೊದಲು ಎರಡರ ಮೇಲೂ ಬರೆದಿರುವ ಅಳತೆ ಓದಿ. ಲಾಕ್ ಹಾಕಿ ಪಿನ್ ತೂರಿಸಿ. ಜಾಕ್ ತಿರುಗಿಸಿ ಟ್ರೇಲರಿನ ಮೂತಿ ಸ್ವಲ್ಪ ಎತ್ತಿ ನೋಡಿ, ಪಿಕಪ್‌ನ ಹಿಂಭಾಗವೂ ಜೊತೆಗೇ ಏಳಬೇಕು. ಎರಡೂ ಸರಪಳಿಗಳನ್ನು ಮೂತಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಸಿಕ್ಕಿಸಿ. ಲೈಟ್ ನೋಡಿ, ಜಾಕ್ ಪೂರ್ತಿ ಮೇಲೆತ್ತಿ.

ಫೋರ್‌ಮನ್ ‘ಯಲ್ಲಾ ಯಲ್ಲಾ’ ಅನ್ನಲಿ ಬಿಡಿ. ಆ ಐದು ನಿಮಿಷ ನಿಮ್ಮ ಹಕ್ಕು.